ಹೊಟೇಲಿನ ಫ್ರಿಜ್

2022ರ ಸಂಕ್ರಾಂತಿ ಮುಗಿದ ಸೋಮವಾರ. ಬೆಳಗಾವಿಯ ರವಿವಾರ ಪೇಟೆಗೆ ತಿಂಗಳ ಕಿರಾಣಿ ತರಲು ಹೋಗಿದ್ದೆ. ಕೊರೊನಾ ಮೂರನೇ ಅಲೆಯ ದಿನಗಳು. ಆಫೀಸು ಲ್ಯಾಪ್‌ಟಾಪಿನೊಳಗೆ, ನಾನು ಊರೊಳಗೆ. ಶನಿವಾರ, ಭಾನುವಾರದ ಕರ್ಫ್ಯೂ ಮುಗಿಸಿಕೊಂಡ ಪೇಟೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಕೈಗಾಡಿ, ಟೆಂಪೋ, ಸಕ್ಕರೆ ಚೀಲ ಹೊತ್ತ ಹಮಾಲರು, ಅವರ ನಡುವೆ ಮಾಸ್ಕನ್ನು ಗದ್ದಕ್ಕೆ ಇಳಿಸಿಕೊಂಡ ನಾವು. ಅಂಗಡಿಯ ಸಾವಕಾರ್ರು ತೊಗರಿಬೇಳೆ ತೂಗಿಸುತ್ತಲೇ ಪೇಪರಿನ ಒಂದು ಸುದ್ದಿಯ ಮೇಲೆ ಬೆರಳಿಟ್ಟರು.

"ಓದಿದೆ ಏನಪಾ? ರಾಮದುರ್ಗದ ಕಡೆ ನರ್ಸಬಾಯಿ ಮೂರು ಕೂಸು ಕೊಂದಾಳ."

"ಕೊಂದಾಳ ಅಂದ್ರ?"

"ಲಸಿಕಿ ಬಾಟ್ಲಿ ಹೊಟೇಲ್ ಫ್ರಿಜ್‌ನ್ಯಾಗ ಇಟ್ಟಿದ್ಳಂತ. ಹಾಲು, ಮೊಸರು, ಅದರ ಬಾಜೂಕ ಕೂಸಿಗೆ ಚುಚ್ಚೂ ಔಷಧ! ಸಸ್ಪೆಂಡ್ ಮಾಡಿದ್ರ ಸಾಕೇನು ಇಂಥಾಕೀನ್ನ? ಒದ್ದು ಒಳಗ ಹಾಕಬೇಕು."

ನಾನು ವಾದ ಮಾಡಲಿಲ್ಲ. ಮಾಡುವ ಮನಸ್ಸೂ ಇರಲಿಲ್ಲ, ಯಾಕಂದ್ರೆ ನನಗೂ ಹಾಗೇ ಅನ್ನಿಸಿತ್ತು. ಅಲ್ಲೇ ನಿಂತು ಆ ಸುದ್ದಿಯ ಲಿಂಕನ್ನು ಮನೆಯವರ ವಾಟ್ಸಾಪ್ ಗ್ರೂಪಿಗೆ ದಬ್ಬಿದೆ. ಜೊತೆಗೊಂದು ಕೆಂಪು ಮುಖದ ಇಮೋಜಿ. ಕೆಲಸ ಮುಗಿಯಿತು, ಸಿಟ್ಟೂ ಇಳಿಯಿತು.

ಮನೆಗೆ ಬಂದಾಗ ಹೆಂಡತಿ ಫೋನು ಹಿಡಿದು ಕೂತಿದ್ದಳು. ಮಗಳಿಗೆ ಆಗಷ್ಟೇ ಒಂಬತ್ತು ತಿಂಗಳು ತುಂಬಿತ್ತು. "ರೀ, ಮುಂದಿನ ವಾರ ನಮ್ಮ ಕೂಸಿಗೂ ಅದ ಇಂಜೆಕ್ಷನ್ ಐತಿ. ನಾ ಅಂತೂ ಕರಕೊಂಡು ಹೋಗೂದಿಲ್ಲ ನೋಡ್ರಿ" ಅಂದಳು. ಗ್ರೂಪಿನಲ್ಲಿ ಅಷ್ಟೊತ್ತಿಗೆ ಇಬ್ಬರು ಅತ್ತೆಯಂದಿರು, ಒಬ್ಬ ಮಾಮಾ ಅದಕ್ಕೆ ಹೌದಂದಿದ್ದರು. ದಡಾರದ ಲಸಿಕೆ ಬೇಡ ಅನ್ನುವ ತೀರ್ಮಾನ ನಮ್ಮ ಮನೆಯಲ್ಲಿ ಹತ್ತೇ ನಿಮಿಷದಲ್ಲಿ ಪಾಸಾಗಿತ್ತು, ಅದಕ್ಕೆ ದಾಖಲೆ ಒದಗಿಸಿದವನು ನಾನು.

ನಡೆದದ್ದು ಇಷ್ಟು. ರಾಮದುರ್ಗ ತಾಲ್ಲೂಕಿನ ಸಾಲಹಳ್ಳಿ ಪ್ರಾಥಮಿಕ ಆರೋಗ್ಯ ಕೇಂದ್ರದ ವ್ಯಾಪ್ತಿಯ ಬೋಚಬಾಳ ಮತ್ತು ಮಲ್ಲಾಪುರ ಗ್ರಾಮಗಳಲ್ಲಿ ಆ ತಿಂಗಳ ಎರಡನೇ ವಾರ ಮಕ್ಕಳಿಗೆ ದಡಾರ-ರುಬೆಲ್ಲಾ ಲಸಿಕೆ ಹಾಕಿದರು. ಲಸಿಕೆ ಪಡೆದ ಕೆಲವು ಮಕ್ಕಳು ಅಸ್ವಸ್ಥರಾದರು. ಮೂರು ಕೂಸುಗಳು ಒಂದರ ಹಿಂದೊಂದು ತೀರಿಕೊಂಡವು. ಬೇರೆ ಮಕ್ಕಳಿಗೆ ಬೆಳಗಾವಿಯ ಬಿಮ್ಸ್ ಆಸ್ಪತ್ರೆಯಲ್ಲಿ ಚಿಕಿತ್ಸೆಯಾಯಿತು. ಜಿಲ್ಲಾ ಆರೋಗ್ಯ ಅಧಿಕಾರಿಗಳ ಪ್ರಾಥಮಿಕ ತನಿಖೆ ಹೇಳಿದ್ದು: ಲಸಿಕೆಯನ್ನು ನಿಯಮದಂತೆ ಶೀತಲ ಪೆಟ್ಟಿಗೆಯಲ್ಲಿಡದೆ ನರ್ಸ್ ಒಂದು ಹೊಟೇಲಿನ ಫ್ರಿಜ್‌ನಲ್ಲಿ ಇಟ್ಟಿದ್ದರು. ನರ್ಸ್ ಮತ್ತು ಫಾರ್ಮಾಸಿಸ್ಟ್, ಇಬ್ಬರನ್ನೂ ಅಮಾನತು ಮಾಡಿದರು. ಸುದ್ದಿ ಅಲ್ಲಿಗೆ ತಣ್ಣಗಾಯಿತು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇದು ಆಕೆ ನಿರಪರಾಧಿ ಅನ್ನುವ ಲೇಖನ ಅಲ್ಲ. ದಡಾರ-ರುಬೆಲ್ಲಾ ಲಸಿಕೆ ಪುಡಿಯ ರೂಪದಲ್ಲಿ ಬರುತ್ತದೆ. ಜೊತೆಗೆ ಬರುವ ದ್ರಾವಣ ಸೇರಿಸಿ ಕಲಸಬೇಕು. ಅದರಲ್ಲಿ ಕೆಡದಂತೆ ಕಾಯುವ ರಾಸಾಯನಿಕ ಇರುವುದಿಲ್ಲ, ಹಾಗಾಗಿ ಕಲಸಿದ ಮೇಲೆ 4 ಗಂಟೆಯೊಳಗೆ ಮುಗಿಸಬೇಕು, ಉಳಿದದ್ದನ್ನು ಎಸೆಯಬೇಕು. ಸೀಸೆಯೊಳಗೆ ಸೂಕ್ಷ್ಮಜೀವಿ ಹೊಕ್ಕರೆ ಅದಕ್ಕೆ ಬೆಳೆಯಲು ಹೊತ್ತು ಬೇಕಾಗಿಲ್ಲ. ಅದು ಉಗುಳುವ ವಿಷ ಮಗುವಿನ ಮೈಗೆ ಸೇರಿದರೆ ಕೆಲವೇ ಗಂಟೆಗಳಲ್ಲಿ ಜೀವಕ್ಕೆ ಕುತ್ತು. ಲಸಿಕಾ ತರಬೇತಿಯಲ್ಲಿ ಈ ಪಾಠ ಕಡ್ಡಾಯ. ಆಕೆ ತಪ್ಪು ಮಾಡಿದ್ದರೆ ಅದು ದೊಡ್ಡ ತಪ್ಪೇ. ಮೂರು ಮನೆಯ ತೊಟ್ಟಿಲು ಖಾಲಿಯಾಗಿವೆ. ಅವರ ಮುಂದೆ ನಿಂತು 'ಸಿಸ್ಟಮ್ ಫೇಲ್ಯೂರ್' ಅನ್ನುವ ಇಂಗ್ಲಿಷ್ ಹೇಳುವ ಧೈರ್ಯ ನನಗಿಲ್ಲ.

ನನ್ನ ಜಗಳ ಬೇರೆ. ಆ ಫ್ರಿಜ್ ಹೊಟೇಲಿಂದು ಯಾಕಾಗಿತ್ತು ಅಂತ ನಾವ್ಯಾರೂ ಕೇಳಲಿಲ್ಲವಲ್ಲ, ಅದರ ಮೇಲೆ.

ಕೇಳುವುದು ನಮಗೆ ಗೊತ್ತಿಲ್ಲ ಅಂತಲ್ಲ. ನೀವು, ನಾನು, ಬೆಂಗಳೂರಿನಲ್ಲಿ ಪುಣೆಯಲ್ಲಿ ಕೂತು ಸಾಫ್ಟ್‌ವೇರ್ ಬರೆಯುವವರೆಲ್ಲ ಇದನ್ನು ವಾರಕ್ಕೊಮ್ಮೆ ಮಾಡುತ್ತೇವೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನೊಮ್ಮೆ ಟೆಸ್ಟ್ ಸರ್ವರ್ ಅಂದುಕೊಂಡು ಪ್ರೊಡಕ್ಷನ್ ಮೇಲೆ ಸ್ಕ್ರಿಪ್ಟ್ ಓಡಿಸಿದ್ದೆ. ಗ್ರಾಹಕರ ಆರ್ಡರುಗಳ ಒಂದು ಟೇಬಲ್ ಖಾಲಿ. ಕೈ ತಣ್ಣಗಾಗುವುದು ಅಂದ್ರೆ ಏನು ಅಂತ ಅವತ್ತು ಗೊತ್ತಾಯಿತು. ನೌಕರಿ ಹೋಯಿತು, ಊರಿಗೆ ಹೋಗಿ ಅಪ್ಪನಿಗೆ ಏನು ಹೇಳಲಿ ಅಂತ ಲೆಕ್ಕ ಹಾಕುತ್ತ ಕೂತಿದ್ದೆ. ಮರುದಿನ ಮೀಟಿಂಗ್. ಬೋರ್ಡಿನ ಮೇಲೆ ಬರೆದಿದ್ದ ಮೊದಲ ಪ್ರಶ್ನೆ: ಆರು ತಿಂಗಳ ಅನುಭವದ ಹುಡುಗನಿಗೆ ಪ್ರೊಡಕ್ಷನ್ ಪಾಸ್‌ವರ್ಡ್ ಯಾಕೆ ಇತ್ತು? ಎರಡನೆಯದು: ಎರಡೂ ಸರ್ವರಿನ ಪರದೆ ಒಂದೇ ಬಣ್ಣದಲ್ಲಿ ಯಾಕಿದೆ? ನನ್ನ ಹೆಸರು ಆ ವರದಿಯಲ್ಲಿ ಎಲ್ಲೂ ಬರಲಿಲ್ಲ. ವಾರದೊಳಗೆ ಪ್ರೊಡಕ್ಷನ್ ಪರದೆ ಕೆಂಪಾಯಿತು. ಆ ತಪ್ಪನ್ನು ಅಲ್ಲಿ ಮತ್ತೆ ಯಾರೂ ಮಾಡಲಿಲ್ಲ.

ಇದು ನನ್ನ ಮ್ಯಾನೇಜರರ ದೊಡ್ಡ ಮನಸ್ಸಲ್ಲ, ಈ ಉದ್ಯಮದ ರೂಢಿ. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಕಂಪನಿಯ ಎಂಜಿನಿಯರ್ ಒಬ್ಬ ತಡರಾತ್ರಿ ಬೇರೆ ಸರ್ವರ್ ಅಂದುಕೊಂಡು ಅಸಲಿ ಡೇಟಾಬೇಸನ್ನೇ ಅಳಿಸಿದ. ಬ್ಯಾಕಪ್ ತೆಗೆಯೋಣ ಅಂತ ಹೋದರೆ ಐದು ಬಗೆಯ ವ್ಯವಸ್ಥೆಯಲ್ಲಿ ಒಂದೂ ನೆಟ್ಟಗೆ ಕೆಲಸ ಮಾಡುತ್ತಿರಲಿಲ್ಲ. ಸುಮಾರು ಆರು ಗಂಟೆಯ ಡೇಟಾ ಹೋಯಿತು. ಕಂಪನಿ ರಿಪೇರಿಯನ್ನು ಯೂಟ್ಯೂಬಿನಲ್ಲಿ ನೇರವಾಗಿ ತೋರಿಸಿತು, ವರದಿಯನ್ನು ಜಗತ್ತಿಗೆಲ್ಲ ಓದಲು ಕೊಟ್ಟಿತು. ಅದರಲ್ಲಿ ಆ ಎಂಜಿನಿಯರ್ ಬರೀ 'ಟೀಮ್ ಮೆಂಬರ್ 1'. ನಾವೆಲ್ಲ ಓದಿ ಚಪ್ಪಾಳೆ ತಟ್ಟಿದೆವು. ಎಂಥ ಪ್ರೌಢ ಸಂಸ್ಕೃತಿ ಅಂತ ಲಿಂಕ್ಡ್‌ಇನ್ನಿನಲ್ಲಿ ಪೋಸ್ಟ್ ಹಾಕಿದೆವು.

ಅದೇ ಕೈಯಿಂದ ನಾನು ರವಿವಾರ ಪೇಟೆಯಲ್ಲಿ ನಿಂತು ಕೆಂಪು ಇಮೋಜಿ ಹಾಕಿದ್ದು. ಹಳ್ಳಿಯ ನರ್ಸಿಗೆ ಅವಳ ಹೆಸರು, ಊರು, ಫೋಟೋ ಎಲ್ಲ ಬೇಕು ನಮಗೆ. ಲಕ್ಷಗಟ್ಟಲೆ ಪಗಾರದ ಎಂಜಿನಿಯರ್‌ಗೆ 'ಟೀಮ್ ಮೆಂಬರ್ 1'.

"ಡೇಟಾಬೇಸ್ ಮತ್ತು ಕೂಸು ಒಂದೇನೋ?" ಅಂತ ನೀವು ಕೇಳುತ್ತೀರಿ. ಒಂದಲ್ಲ. ಅದಕ್ಕೇ ಹೇಳೋದು: ಯಾವುದೋ ಆರ್ಡರ್ ಟೇಬಲ್ ಹೋದರೆ ಐದು ಸಲ 'ಯಾಕೆ' ಕೇಳುವವರು, ಕೂಸು ಹೋದಾಗ ಒಂದು ಸಲ 'ಯಾರು' ಕೇಳಿ ಎದ್ದು ಹೋದರೆ ಹ್ಯಾಗೆ? ವಿಮಾನ ಬಿದ್ದಾಗ ಅಂತರರಾಷ್ಟ್ರೀಯ ನಿಯಮದ ಪ್ರಕಾರ ನಡೆಯುವ ತನಿಖೆಯ ಏಕೈಕ ಉದ್ದೇಶ ಮುಂದಿನ ಅಪಘಾತ ತಪ್ಪಿಸುವುದು, ತಪ್ಪು ಹೊರಿಸುವುದಲ್ಲ. ಅಲ್ಲಿಯೂ ಜೀವಗಳೇ ಹೋಗಿರುತ್ತವೆ. ಶಿಕ್ಷೆ ಬೇಕಾದರೆ ಕೋರ್ಟು ಇದೆ, ಅದರ ದಾರಿ ಬೇರೆ.

ಸರಿ, ಈಗ ಫ್ರಿಜ್‌ಗೆ ಬರೋಣ.

ಲಸಿಕೆ 2ರಿಂದ 8 ಡಿಗ್ರಿ ಸೆಲ್ಸಿಯಸ್ ಒಳಗಿರಬೇಕು. ಆರೋಗ್ಯ ಕೇಂದ್ರದಲ್ಲಿ ಅದಕ್ಕೆಂದೇ ಮಂಜಿನ ಗೋಡೆಯ ಫ್ರಿಜ್ ಇರುತ್ತದೆ. ಇವಿನ್ ಅನ್ನುವ ಡಿಜಿಟಲ್ ವ್ಯವಸ್ಥೆಯಲ್ಲಿ ಅಂಥ ಫ್ರಿಜ್‌ಗೆ ಸೆನ್ಸರ್ ಹಾಕಿ, ತಾಪಮಾನ ಏರಿದರೆ ಫೋನಿಗೆ ಸಂದೇಶ ಬರುವ ಹಾಗೆ ಮಾಡಿದ್ದಾರೆ. ಎಷ್ಟು ಸೀಸೆ ಬಂತು, ಎಷ್ಟು ಹೋಯಿತು, ಎಲ್ಲ ಡ್ಯಾಶ್‌ಬೋರ್ಡಿನಲ್ಲಿ. ನಮ್ಮಂಥವರು ನೋಡಿ ಖುಷಿಪಡುವ ವ್ಯವಸ್ಥೆಯೇ. ಆದರೆ ಸೆನ್ಸರ್ ಆರೋಗ್ಯ ಕೇಂದ್ರದ ಬಾಗಿಲಿಗೆ ನಿಲ್ಲುತ್ತದೆ. ಅಲ್ಲಿಂದ ಮುಂದೆ ಒಂದು ನೀಲಿ ಡಬ್ಬಿ, ಅದರೊಳಗೆ ನಾಲ್ಕು ಐಸ್ ಪ್ಯಾಕು, ಅದನ್ನು ಹೆಗಲಿಗೆ ಹಾಕಿಕೊಂಡ ಒಬ್ಬ ಹೆಣ್ಣುಮಗಳು. ಕಾಗದದ ಮೇಲೆ ಈಗ ಅವರ ಹುದ್ದೆ 'ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿ'. ಅಧಿಕಾರಿ ಅಂದಮೇಲೆ ಜೀಪು ಇರಬೇಕಲ್ಲ? ಇಲ್ಲ. ಊರವರ ಬಾಯಲ್ಲಿ ಅವರು ಇನ್ನೂ ನರ್ಸಬಾಯಿಯೇ.

ನಿಯಮ ಇಲ್ಲೂ ಕುರುಡಾಗಿಲ್ಲ. ಲಸಿಕಾ ದಿನದ ಬೆಳಿಗ್ಗೆ ಡಬ್ಬಿಯನ್ನು ಊರಿಗೆ ಮುಟ್ಟಿಸಿ, ಉಳಿದದ್ದನ್ನು ಅದೇ ದಿನ ವಾಪಸ್ ಒಯ್ಯಲು ಬೇರೆ ಮನುಷ್ಯನನ್ನಿಟ್ಟು ದುಡ್ಡು ಕೊಡುವ ಅವಕಾಶ ರಾಷ್ಟ್ರೀಯ ಆರೋಗ್ಯ ಮಿಷನ್‌ನಲ್ಲಿದೆ. ಅಂದರೆ ನರ್ಸ್ ಸೀಸೆಯನ್ನು ರಾತ್ರಿ ಎಲ್ಲಾದರೂ ಇಡಬೇಕಾದ ಪ್ರಮೇಯವೇ ಬರಬಾರದು. ಬಂದಿದೆ ಅಂದರೆ ಆ ಸರಪಳಿ ಅವಳಿಗಿಂತ ಮೊದಲೇ ತುಂಡಾಗಿರಬೇಕು. ಡಬ್ಬಿ ತರುವ ಮನುಷ್ಯ ಅವತ್ತು ಬಂದಿದ್ದನೇ? ಸೀಸೆಗಳು ಸ್ಟೋರಿನಿಂದ ಹೊರಬಿದ್ದದ್ದು ಯಾರ ಸಹಿಯ ಮೇಲೆ? ಸಂಜೆ ಲೆಕ್ಕಕ್ಕೆ ವಾಪಸ್ ಬರದ ಸೀಸೆ ಎಲ್ಲಿ ಅಂತ ಕೇಳಬೇಕಾದವರು ಯಾರು? ಅಮಾನತಿನ ಆದೇಶದಲ್ಲಿ ಈ ಪ್ರಶ್ನೆಗಳಿಗೆ ಕಾಲಂ ಇರುವುದಿಲ್ಲ. ಅಲ್ಲಿರೋದು ಹೆಸರು, ಹುದ್ದೆ, ಕರ್ತವ್ಯಲೋಪ.

ಇನ್ನೂ ಒಂದಿದೆ. ಒಂದು ಸೀಸೆಯಲ್ಲಿ ಐದೋ ಹತ್ತೋ ಡೋಸು. ಒಂದೇ ಮಗು ಬಂದರೂ ಸೀಸೆ ಒಡೆಯಿರಿ, ಉಳಿದದ್ದು ಎಸೆಯಿರಿ ಅನ್ನುತ್ತದೆ ನಿಯಮ. ಅದೇ ಇಲಾಖೆ ಲಸಿಕೆ ಎಷ್ಟು ವ್ಯರ್ಥವಾಯಿತು ಅನ್ನುವ ಲೆಕ್ಕವನ್ನೂ ಕೇಳುತ್ತದೆ. ಎರಡು ಟಾರ್ಗೆಟ್ ಒಂದಕ್ಕೊಂದು ಗುದ್ದಾಡುವಾಗ ನಡುವೆ ಸಿಕ್ಕವರು ಏನು ಮಾಡುತ್ತಾರೆ ಅಂತ ಆಫೀಸಿನಲ್ಲಿ ಕೆಲಸ ಮಾಡಿದ ಯಾರಿಗೂ ಹೇಳಿಕೊಡಬೇಕಿಲ್ಲ.

ನಮ್ಮೂರು ಖಾನಾಪುರ ತಾಲ್ಲೂಕು. ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆಯೇ ಮುಂದೆ ಹರಿದು ರಾಮದುರ್ಗಕ್ಕೆ ಹೋಗೋದು. ಅಲ್ಲಿ ಬಯಲು, ನಮ್ಮಲ್ಲಿ ಕಾಡು ಮತ್ತು ಮಳೆ. ನಾನು ಸಣ್ಣವನಿದ್ದಾಗ ನರ್ಸಬಾಯಿ ಕೆಂಪು ಬಸ್ಸಿನಲ್ಲಿ ಬಂದು, ಬಸ್ ಬರದ ಊರುಗಳಿಗೆ ಡಬ್ಬಿ ಹೊತ್ತು ನಡೆದು ಹೋಗುತ್ತಿದ್ದರು. ಒಮ್ಮೆ ಮಳೆಗೆ ಹಳ್ಳ ತುಂಬಿ ಬಸ್ ಬರಲಿಲ್ಲ. ರಾತ್ರಿ ನಮ್ಮ ಮನೆಯಲ್ಲೇ ಉಳಿದರು. ಅಜ್ಜಿ ಆ ನೀಲಿ ಡಬ್ಬಿಯನ್ನು ಬಚ್ಚಲಿನ ಪಕ್ಕದ ತಂಪು ಮೂಲೆಯಲ್ಲಿ, ಕುಡಿಯುವ ನೀರಿನ ಕೊಡದ ಹತ್ತಿರ ಇಟ್ಟಳು. "ನಮ್ಮ ಮನೀ ಅಷ್ಟ ತಂಪ ಊರಾಗ ಯಾವುದೂ ಇಲ್ಲ ನೋಡವ್ವಾ" ಅಂತ ಅಭಿಮಾನ ಬೇರೆ. ಬೆಳಿಗ್ಗೆ ಅವಲಕ್ಕಿ ತಿಂದು ಅವರು ಮುಂದಿನ ಊರಿಗೆ ಹೊರಟರು. ಆ ಡಬ್ಬಿಯಲ್ಲಿ ಏನಿತ್ತು, ಐಸು ಕರಗಿತ್ತೋ ಇಲ್ಲವೋ, ಯಾರೂ ಕೇಳಲಿಲ್ಲ. ಏನೂ ಆಗಲಿಲ್ಲ, ಹಾಗಾಗಿ ಅದು ಸೇವೆ ಆಯಿತು. ಆ ವರ್ಷದ ಗ್ರಾಮಸಭೆಯಲ್ಲಿ ಅವರಿಗೆ ಶಾಲು ಹೊದಿಸಿದ ನೆನಪೂ ಇದೆ ನನಗೆ. ನಮ್ಮಜ್ಜಿಯ ಬಚ್ಚಲಿಗೂ ಆ ಹೊಟೇಲಿನ ಫ್ರಿಜ್‌ಗೂ ಎಷ್ಟು ದೂರ ಹೇಳಿ?

ಇಂಥ ಹೊಂದಾಣಿಕೆ ವರ್ಷಗಟ್ಟಲೆ ನಡೆಯುತ್ತದೆ. ಮೇಲಿನವರಿಗೆ ಗೊತ್ತಿರುತ್ತದೆ, ಗೊತ್ತಿಲ್ಲದ ಹಾಗೂ ಇರುತ್ತದೆ. 2025ರ ಜನವರಿ 14ರಂದು, ಹಾವೇರಿ ಜಿಲ್ಲೆ ಹಾನಗಲ್ ತಾಲ್ಲೂಕಿನ ಆಡೂರು ಆರೋಗ್ಯ ಕೇಂದ್ರದಲ್ಲಿ ಏಳು ವರ್ಷದ ಹುಡುಗನ ಕೆನ್ನೆಯ ಗಾಯಕ್ಕೆ ನರ್ಸ್ ಒಬ್ಬರು ಹೊಲಿಗೆ ಹಾಕದೆ ಫೆವಿಕ್ವಿಕ್ ಹಚ್ಚಿದರು. ನೀವೂ ಮೀಮ್ ನೋಡಿ ನಕ್ಕಿರುತ್ತೀರಿ. ಮೊದಲು ಅವರನ್ನು ಗುತ್ತಲಕ್ಕೆ ವರ್ಗ ಮಾಡಿದರು. ಗಲಾಟೆ ಜೋರಾದ ಮೇಲೆ ಫೆಬ್ರವರಿಯಲ್ಲಿ ಅಮಾನತು. ಪುಣ್ಯಕ್ಕೆ ಹುಡುಗನಿಗೆ ಏನೂ ಆಗಲಿಲ್ಲ. ಆದರೆ ಪೋಷಕರು ತೆಗೆದ ವಿಡಿಯೋದಲ್ಲಿ ಆ ನರ್ಸ್ ಹೇಳಿದ್ದು ನೋಡಿ: ತಾನು ವರ್ಷಗಳಿಂದ ಹೀಗೇ ಮಾಡಿಕೊಂಡು ಬಂದಿದ್ದೇನೆ, ಹೊಲಿಗೆ ಹಾಕಿದರೆ ಮುಖದ ಮೇಲೆ ಕಲೆ ಉಳಿಯುತ್ತದೆ ಅಂತ. ಎಲ್ಲರೂ ಫೆವಿಕ್ವಿಕ್ ಕೇಳಿಸಿಕೊಂಡರು, 'ವರ್ಷಗಳಿಂದ' ಅನ್ನುವುದನ್ನು ಯಾರೂ ಕೇಳಿಸಿಕೊಳ್ಳಲಿಲ್ಲ. ವರ್ಷಗಳಿಂದ ಅಂದರೆ, ಆ ಕೇಂದ್ರದ ವೈದ್ಯರು ಅಷ್ಟು ಕಾಲ ಎಲ್ಲಿದ್ದರು? ತಪಾಸಣೆಗೆ ಬಂದವರು ರಿಜಿಸ್ಟರಿಗೆ ಸಹಿ ಹಾಕಿ ಚಹಾ ಕುಡಿದು ಹೋದರೇ? (ಗಾಯ ಅಂಟಿಸುವ ವೈದ್ಯಕೀಯ ಅಂಟು ನಿಜಕ್ಕೂ ಇದೆ. ಫೆವಿಕ್ವಿಕ್ಕಿನ ಜಾತಿಯದೇ, ಆದರೆ ದೇಹಕ್ಕೆಂದು ಶುದ್ಧ ಮಾಡಿದ್ದು, ಬೆಲೆ ಜಾಸ್ತಿ. ಆಕೆಯ ತಪ್ಪು ಎಲ್ಲಿಂದ ಹುಟ್ಟಿರಬಹುದು ಅಂತ ಒಂಚೂರು ಅಂದಾಜಾಗುತ್ತದೆ.)

ಇದು ನಮ್ಮ ದೇಶದ ಬಡತನದ ಕಥೆ ಮಾತ್ರ ಅಂದುಕೊಳ್ಳಬೇಡಿ. ಅಮೆರಿಕದ ನ್ಯಾಶ್‌ವಿಲ್‌ನಲ್ಲಿ ವ್ಯಾಂಡರ್‌ಬಿಲ್ಟ್ ಅಂತ ದೊಡ್ಡ ಆಸ್ಪತ್ರೆಯಿದೆ. 2017ರ ಡಿಸೆಂಬರಿನಲ್ಲಿ ರಡಾಂಡಾ ವಾಟ್ ಅನ್ನುವ ನರ್ಸ್ ರೋಗಿಯೊಬ್ಬರಿಗೆ ವರ್ಸೆಡ್ ಅನ್ನುವ ಶಮನಕಾರಿ ಕೊಡಬೇಕಿತ್ತು. ಅಲ್ಲಿ ಔಷಧ ಬರುವುದು ಕಂಪ್ಯೂಟರ್ ಕಪಾಟಿನಿಂದ, ಎಟಿಎಂ ಇದ್ದ ಹಾಗೆ. ಆಕೆ ಬ್ರಾಂಡ್ ಹೆಸರಿನ ಮೊದಲ ಎರಡಕ್ಷರ 'ವಿ, ಇ' ಒತ್ತಿದರು. ಕಪಾಟು ಹುಡುಕುತ್ತಿದ್ದದ್ದು ರಾಸಾಯನಿಕ ಹೆಸರಿನಿಂದ. ಸಿಗಲಿಲ್ಲ. ಓವರ್‌ರೈಡ್ ಒತ್ತಿ ಮತ್ತೆ ಹುಡುಕಿದರು. ಮೊದಲು ಬಂದದ್ದು ವೆಕ್ಯುರೋನಿಯಂ: ಸ್ನಾಯುಗಳನ್ನೆಲ್ಲ, ಉಸಿರಾಟದ ಸ್ನಾಯುಗಳನ್ನೂ ನಿಲ್ಲಿಸುವ ಔಷಧ. ಸೀಸೆಯ ಮೇಲೆ ಎಚ್ಚರಿಕೆ ಬರೆದಿತ್ತು, ಆಕೆ ಓದಲಿಲ್ಲ. ವರ್ಸೆಡ್ ದ್ರವ, ಇದು ಪುಡಿ. ಅದೂ ತಲೆಗೆ ಹೋಗಲಿಲ್ಲ. ರೋಗಿ ಸತ್ತರು. ತಪ್ಪನ್ನು ಆಕೆ ತಾನೇ ಒಪ್ಪಿಕೊಂಡರು. ಆಸ್ಪತ್ರೆ ಏನು ಮಾಡಿತು? ಆಕೆಯನ್ನು ಕೆಲಸದಿಂದ ತೆಗೆಯಿತು, ರೋಗಿಯ ಕುಟುಂಬದ ಜೊತೆ ಒಳಗೊಳಗೇ ರಾಜಿ ಮಾಡಿಕೊಂಡಿತು, ಔಷಧ ಅದಲುಬದಲಾದ ವಿಷಯವನ್ನು ಸರಕಾರಕ್ಕೆ ತಿಳಿಸಲಿಲ್ಲ. 2018ರಲ್ಲಿ ಯಾರೋ ಹೆಸರು ಹೇಳದೆ ದೂರು ಕೊಟ್ಟ ಮೇಲೆ ವಿಷಯ ಹೊರಬಿತ್ತು. 2022ರ ಮಾರ್ಚಿನಲ್ಲಿ ಜ್ಯೂರಿ ಆಕೆಯನ್ನು ನಿರ್ಲಕ್ಷ್ಯದ ನರಹತ್ಯೆಯ ಅಪರಾಧಿ ಅಂದಿತು. ಮೂರು ವರ್ಷದ ಪ್ರೊಬೇಷನ್. ಕಟಕಟೆಯಲ್ಲಿ ನಿಂತದ್ದು ಆಕೆ ಒಬ್ಬಳೇ. ಅವತ್ತು ಅಮೆರಿಕದ ನರ್ಸುಗಳು ಬೀದಿಗೆ ಬಂದು ಹೇಳಿದ ಮಾತು ಬಹಳ ಸರಳವಾಗಿತ್ತು: ಇನ್ನು ಮುಂದೆ ತಪ್ಪಾದರೆ ನಾವು ಬಾಯಿ ಬಿಡುತ್ತೇವೆಯೇ?

ಎರಡಕ್ಷರ ಒತ್ತಿದರೆ ಜೀವ ತೆಗೆಯುವ ಔಷಧ ಮೊದಲ ಸಾಲಿನಲ್ಲಿ ಬರುವ ಸರ್ಚ್ ಬಾಕ್ಸನ್ನು ಯಾರೋ ನಮ್ಮಂಥವರೇ ಬರೆದಿದ್ದು. ಅವರಿಗೆ ಯಾವ ಸಮನ್ಸೂ ಹೋಗಲಿಲ್ಲ.

ನಾನು ಹೆಂಡತಿಗೆ ಆ ರಾತ್ರಿ ಹೇಳಿದ್ದು ಇದನ್ನಲ್ಲ, ಸಮೋವಾದ ಕಥೆ. ಶಾಂತ ಸಾಗರದ ಪುಟ್ಟ ದೇಶ, ಜನಸಂಖ್ಯೆ ಸುಮಾರು ಎರಡು ಲಕ್ಷ. 2018ರ ಜುಲೈನಲ್ಲಿ ಅಲ್ಲಿ ಇಬ್ಬರು ನರ್ಸುಗಳು ದಡಾರದ ಲಸಿಕೆಯ ಪುಡಿಗೆ ನೀರಿನ ಬದಲು ಅವಧಿ ಮುಗಿದ ಸ್ನಾಯು ಸಡಿಲಿಸುವ ಔಷಧ ಕಲಸಿಬಿಟ್ಟರು. ಎರಡು ಮಕ್ಕಳು ಸತ್ತವು. ನಮ್ಮ ರಾಮದುರ್ಗದ ಪಡಿಯಚ್ಚು. ದೇಶಕ್ಕೆ ದೇಶವೇ ಕೆರಳಿತು. ಸರಕಾರ ಲಸಿಕೆ ಕಾರ್ಯಕ್ರಮವನ್ನೇ ತಿಂಗಳುಗಟ್ಟಲೆ ನಿಲ್ಲಿಸಿತು. 2019ರ ಆಗಸ್ಟಿನಲ್ಲಿ ಇಬ್ಬರಿಗೂ ಐದೈದು ವರ್ಷ ಜೈಲು. ಲಸಿಕೆ ಸರಿಯಾಗಿತ್ತು, ಕಲಸಿದ್ದು ತಪ್ಪಾಗಿತ್ತು. ಆದರೆ ಜನರ ತಲೆಯಲ್ಲಿ ಉಳಿದದ್ದು 'ಲಸಿಕೆ ಕೊಲ್ಲುತ್ತದೆ' ಅನ್ನೋದು. ತಾಯಂದಿರು ಮಕ್ಕಳನ್ನು ಕರೆತರುವುದು ಬಿಟ್ಟರು. ಅದೇ ವರ್ಷದ ಕೊನೆಗೆ ದಡಾರ ಬಂತು. 83 ಜನ ಸತ್ತರು, ಹೆಚ್ಚಿನವರು ಐದು ವರ್ಷದೊಳಗಿನ ಮಕ್ಕಳು.

ಹೆಂಡತಿ ಸುಮ್ಮನೆ ಕೇಳಿ, "ಹಂಗಂತ ನಮ್ಮ ನರ್ಸ ಸರಿ ಅದಾಳ ಅಂತ ನಿಮಗೇನು ಗೊತ್ತು?" ಅಂದಳು. ಸರಿಯಾದ ಪ್ರಶ್ನೆ. ಇದಕ್ಕೆ ಉತ್ತರ ಕೊಡಬೇಕಾದದ್ದು ನಾನಲ್ಲ, ಇಲಾಖೆ. ರಾಮದುರ್ಗದ ನರ್ಸನ್ನು ಅಮಾನತು ಮಾಡಿದ್ದರಿಂದ ಬೆಳಗಾವಿಯ ನನ್ನ ಮಗಳ ಸೀಸೆ ಹೇಗೆ ಸುರಕ್ಷಿತವಾಯಿತು? ಆಕೆ ಮನೆಗೆ ಹೋದಳು. ಡಬ್ಬಿ, ದಾರಿ, ರಿಜಿಸ್ಟರು ಎಲ್ಲ ಹಾಗೇ ಇವೆ. ಅದರ ಹಿಡಿಕೆ ಈಗ ಇನ್ನೊಬ್ಬಳ ಕೈಯಲ್ಲಿದೆ, ಅಷ್ಟೇ.

ಕೊನೆಯ ಕೈಯನ್ನು ದಾಟಿ ಹಿಂದೆ ಹೋಗಲು ನಮಗೆ ಬರುವುದಿಲ್ಲ ಅಂತಲೂ ಅಲ್ಲ. 2024ರ ನವೆಂಬರಿನಲ್ಲಿ ಬಳ್ಳಾರಿಯ ಜಿಲ್ಲಾ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಸಾಲಾಗಿ ಸತ್ತರು, ಐದು ಜನ. ಮೊದಲ ಬೆರಳು ಎಂದಿನಂತೆ ಆಸ್ಪತ್ರೆಯ ವೈದ್ಯರು, ಸಿಬ್ಬಂದಿಯ ಕಡೆಗೇ ಹೋಯಿತು. ಅಲ್ಲಿಗೇ ನಿಲ್ಲಿಸಿದ್ದರೆ ಸಲೈನ್ ಏರಿಸಿದ ನರ್ಸುಗಳ ಪೈಕಿ ಇಬ್ಬರನ್ನು ಮನೆಗೆ ಕಳಿಸಿ ಫೈಲು ಮುಚ್ಚಬಹುದಿತ್ತು. ಯಾರೋ ಮುಂದಿನ 'ಯಾಕೆ' ಕೇಳಿದರು. ಸಂಶಯ ಪಶ್ಚಿಮ ಬಂಗಾಳದ ಕಂಪನಿಯೊಂದು ಪೂರೈಸಿದ ರಿಂಗರ್ಸ್ ಲ್ಯಾಕ್ಟೇಟ್ ದ್ರಾವಣದ ಮೇಲೆ ಹೋಯಿತು. ಅದರ ಬಳಕೆ ನಿಂತಿತು, ರಾಜ್ಯದ ಔಷಧ ನಿಯಂತ್ರಕರೇ ಅಮಾನತಾದರು. ಆ ಕಂಪನಿಯ ಕೆಲವು ಬ್ಯಾಚುಗಳು ಮೊದಲೇ ರಾಜ್ಯದ ಪರೀಕ್ಷೆಯಲ್ಲಿ ಫೇಲಾಗಿದ್ದವು ಅನ್ನುವುದೂ ಹೊರಬಂತು. ಹಾಗಾದರೆ ಸರಪಳಿ ಹಿಡಿದು ಜಗ್ಗಲು ನಮಗೆ ಐದು ಹೆಣ ಬೇಕೇ? ಮೂರು ಕೂಸು ಸಾಲುವುದಿಲ್ಲವೇ? ಅಥವಾ ರಾಮದುರ್ಗದಲ್ಲಿ ಹಿಡಿಯಲು ಒಬ್ಬ ನರ್ಸ್ ಸುಲಭವಾಗಿ ಸಿಕ್ಕಿದ್ದೇ ನಮ್ಮ ದುರದೃಷ್ಟವೇ?

ನನ್ನ ಗೆಳೆಯನೊಬ್ಬ ಇದನ್ನೆಲ್ಲ ಕೇಳಿ, "ನೆಟ್‌ಫ್ಲಿಕ್ಸ್‌ನಲ್ಲಿ ದಿ ಗುಡ್ ನರ್ಸ್ ನೋಡಿಲ್ವಾ? ಬೇಕಂತಲೇ ಕೊಲ್ಲೋರೂ ಇರ್ತಾರೆ" ಅಂದ. ಇರ್ತಾರೆ. ಆ ಸಿನಿಮಾದ ಅಸಲಿ ಮನುಷ್ಯ ಚಾರ್ಲ್ಸ್ ಕಲೆನ್, ಅಮೆರಿಕದ ನ್ಯೂಜೆರ್ಸಿ, ಪೆನ್ಸಿಲ್ವೇನಿಯಾಗಳಲ್ಲಿ ಹದಿನಾರು ವರ್ಷ ನರ್ಸಾಗಿದ್ದವನು, 29 ಕೊಲೆ ಒಪ್ಪಿಕೊಂಡವನು. ಆದರೆ ಹದಿನಾರು ವರ್ಷ ಹೇಗೆ ನಡೆಯಿತು ಅದು? ಸಂಶಯ ಬಂದ ಆಸ್ಪತ್ರೆಗಳು ಹೆಸರು ಕೆಡುತ್ತದೆ ಅಂತ ಅವನನ್ನು ಸದ್ದಿಲ್ಲದೆ ಸಾಗಹಾಕಿದವು. ಅವನು ಪಕ್ಕದ ಆಸ್ಪತ್ರೆಗೆ ಹೋಗಿ ಸೇರಿದ. 2003ರಲ್ಲಿ ಕೊನೆಗೂ ಹಿಡಿಯಲು ನೆರವಾದದ್ದು ಜೊತೆಗೆ ಕೆಲಸ ಮಾಡುತ್ತಿದ್ದ ಇನ್ನೊಬ್ಬ ನರ್ಸ್, ಮತ್ತು ಅದೇ ಔಷಧ ಕಪಾಟಿನ ಕಂಪ್ಯೂಟರ್ ದಾಖಲೆ. ನಿಜವಾದ ಕೊಲೆಗಾರನ ವಿಷಯದಲ್ಲೂ, ಒಬ್ಬನನ್ನು ಹೊರಹಾಕಿ ಬಾಗಿಲು ಮುಚ್ಚಿಕೊಳ್ಳುವ ಪದ್ಧತಿಯೇ ಅವನ ಕೈ ಹಿಡಿದು ನಡೆಸಿತು.

ಹಾಗಾದರೆ ಏನು ಬೇಕು ಅಂತೀರಾ? ನನಗೆ ಬೇಕಿರೋದು ಒಂದು ಕಾಗದ. ಲಸಿಕೆಯ ನಂತರ ಸಾವಾದರೆ ಪರಿಶೀಲಿಸಲು ಜಿಲ್ಲೆ, ರಾಜ್ಯ, ದೇಶ ಮೂರೂ ಮಟ್ಟದಲ್ಲಿ ಸಮಿತಿಗಳಿವೆ. ವೈದ್ಯರು ಕೂತು ಕಾರಣ ಹುಡುಕುತ್ತಾರೆ. ಆ ಶ್ರಮದ ಫಲ ನಮ್ಮವರೆಗೆ ಬಂದರೆ ಇಂಗ್ಲಿಷಿನ ಕೋಷ್ಟಕದ ಒಂದು ಸಾಲಾಗಿ ಬರುತ್ತದೆ. ಅದು ಕನ್ನಡದಲ್ಲಿ, ಎರಡು ಪುಟದಲ್ಲಿ, ಆ ಊರಿನ ಪಂಚಾಯಿತಿ ಗೋಡೆಗೆ ಅಂಟಬೇಕು. ಏನಾಯಿತು, ಯಾವ ಗಂಟೆಗೆ, ಎಲ್ಲಿ ಸರಪಳಿ ಕಡಿಯಿತು, ಈಗ ಏನು ಬದಲಾಗಿದೆ. ಹೆಸರು ಬೇಡ, ಬೇಕಾದರೆ 'ಟೀಮ್ ಮೆಂಬರ್ 1' ಅಂತಿರಲಿ. ಕೂಸು ಕಳಕೊಂಡ ತಾಯಿಗೆ ಅಪರಾಧಿಯ ಅಮಾನತಿನ ಸುದ್ದಿಗಿಂತ ಮೊದಲು ಸಿಗಬೇಕಾದ ಕಾಗದ ಅದು. ನಮ್ಮ ಉದ್ಯಮ ಒಂದು ವೆಬ್‌ಸೈಟ್ ಅರ್ಧ ದಿನ ಬಿದ್ದರೆ ಇಷ್ಟನ್ನು ಬಿಟ್ಟಿಯಾಗಿ ಕೊಡುತ್ತದೆ.

ಮುಂದಿನ ವಾರ ಮಗಳನ್ನು ಕರೆದುಕೊಂಡು ಹೋದೆವು. ಹೆಂಡತಿ ಬಂದಳು, ಮುಖ ಬಿಗಿದುಕೊಂಡೇ ಬಂದಳು. ನಮ್ಮ ಸರದಿ ಬಂದಾಗ ಕೂಸನ್ನು ಎದೆಗವಚಿ ನರ್ಸಿಗೆ ನೇರವಾಗಿ ಕೇಳಿದಳು: "ಅಕ್ಕಾರ, ಈ ಬಾಟ್ಲಿ ಯಾವಾಗ ಒಡದೀರಿ?"

ನನಗೆ ನೆಲ ಕುಸಿದ ಹಾಗಾಯಿತು. ನಡುವಯಸ್ಸಿನ ಆ ನರ್ಸ್ ಕನ್ನಡಕದ ಮೇಲಿಂದ ಇಬ್ಬರನ್ನೂ ನೋಡಿದರು. "ನೀವೂ ಪೇಪರ್ ಓದಿ ಬಂದೀರಿ ಹೌದಲ್ಲ?" ಅಂದರು. ಸಿಟ್ಟಾದಂತೆ ಕಾಣಲಿಲ್ಲ, ದಣಿದಂತೆ ಕಂಡರು. ಐಸ್ ಪ್ಯಾಕಿನ ನಡುವಿಂದ ಸೀಸೆ ಎತ್ತಿ ಲೇಬಲ್ಲಿನ ಮೇಲೆ ಪೆನ್ನಿನಲ್ಲಿ ಬರೆದಿದ್ದ ಸಮಯ ತೋರಿಸಿದರು. "ಹತ್ತೂ ಇಪ್ಪತ್ತಕ್ಕ ಒಡದೀನಿ. ಎರಡೂ ಇಪ್ಪತ್ತಕ್ಕ ಇದರಾಗ ಎಷ್ಟ ಉಳೀತದ ಅಷ್ಟೂ ಕಸಕ್ಕ." ಹೊಸ ಸಿರಿಂಜಿನ ಪ್ಯಾಕನ್ನು ನಮ್ಮ ಕಣ್ಣ ಮುಂದೆ ಹರಿದರು. ಆಮೇಲೆ, ಹೆಂಡತಿಯ ಕಡೆ ತಿರುಗಿ: "ಈ ವಾರ ನೀವು ಹನ್ನೊಂದನೇದವರು ಹಿಂಗ ಕೇಳಿದ್ದು. ಕೇಳ್ರಿ ತಂಗಿ. ಕೇಳ್ದ ವಾಪಸ್ ಹೋದವರು ಎಷ್ಟ ಮಂದಿ ಅನ್ನೂದು ನನಗ ಗೊತ್ತಿಲ್ಲ ನೋಡ್ರಿ."

ಮಗಳು ಚುಚ್ಚಿದ ಮೇಲೆ ಅರ್ಧ ನಿಮಿಷ ತಡವಾಗಿ ಅಳಲು ಶುರುಮಾಡಿದಳು. ಅರ್ಧ ಗಂಟೆ ಅಲ್ಲೇ ಕೂರಬೇಕು ಅಂದರು, ಕೂತೆವು. ಗೋಡೆಯ ಮೇಲೆ ಹೊಸದಾಗಿ ಒಂದು ಸುತ್ತೋಲೆ ಅಂಟಿಸಿದ್ದರು: ಲಸಿಕೆ ನಿರ್ವಹಣೆಯಲ್ಲಿ ಲೋಪ ಕಂಡುಬಂದಲ್ಲಿ ಸಂಬಂಧಪಟ್ಟ ಸಿಬ್ಬಂದಿಯನ್ನೇ ನೇರ ಹೊಣೆಗಾರರನ್ನಾಗಿ ಮಾಡಲಾಗುವುದು. ಅದರ ಕೆಳಗೆ, ಸಿಬ್ಬಂದಿ ಓದಿಕೊಂಡಿದ್ದಾರೆ ಅನ್ನುವುದಕ್ಕೆ, ನಾಲ್ಕು ಸಹಿ.